ಯೂಫೋನಿಯಂ ವಾದ್ಯದ ಶ್ರುತಿಸನ್ನೆ

ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಗಣರಾಜ್ಯೋತ್ಸವದ ದಿನ ಪೋಲೀಸು ಬ್ಯಾಂಡಿನ ಘೋಷವನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಇಂತಹ ವೃಂದಗಳ ಹಿತ್ತಾಳೆಯ ವಾದ್ಯಗಳಲ್ಲಿ ಯೂಫೋನಿಯಂ ಒಂದು. ಗ್ರೀಕ್ ಭಾಷೆಯಿಂದ ಬಂದ ಈ ಹೆಸರಿಗೆ ‘ಇಂಪಾದ ದನಿಯುಳ್ಳದ್ದು’ ಎಂಬ ಅರ್ಥ. ಆದರೂ ಇದು ಕೆಲವು ಸ್ವರಗಳಲ್ಲಿ ಶ್ರುತಿ ತಪ್ಪುವುದೇಕೆ? ಅದನ್ನು ತಿದ್ದುವ ಸನ್ನೆ ಬಿಗಿದರೆ ಮಾಡಬೇಕಾದುದೇನು?

ಯೂಫೋನಿಯಂ ಎಂದರೆ ಸುರುಳಿ ಸುತ್ತಿದ, ಸುಮಾರು 9 ಅಡಿ ಉದ್ದದ ಕೊಳವೆ. ಕೊಳವೆ ಉದ್ದವಾದಷ್ಟೂ ಸ್ವರವು ತಗ್ಗುತ್ತದೆ. ವಾಲ್ವನ್ನು ಒತ್ತಿದಾಗ ಉಪಕೊಳವೆಯೊಂದು ಸೇರಿ ಉದ್ದವು ಹೆಚ್ಚುತ್ತದೆ. ಮೂಲ ಉದ್ದವನ್ನು 100 ಭಾಗವೆಂದು ಎಣಿಸಿದರೆ, ಮೊದಲನೆಯ ವಾಲ್ವು ಸುಮಾರು 12 ಭಾಗವನ್ನೂ ಮೂರನೆಯದು ಸುಮಾರು 19 ಭಾಗವನ್ನೂ ಕೂಡಿಸುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ದೊರೆಯುವುದು 31; ಬೇಕಾದುದಾದರೋ ಸುಮಾರು 33½. ಈ ಕೊರತೆಯಿಂದ ಸ್ವರವು ಏರಿ ನಿಲ್ಲುತ್ತದೆ. ಇದನ್ನು ತುಂಬಲು ಇಂಗ್ಲೆಂಡಿನ ಡೇವಿಡ್ ಬ್ಲೇಕ್ಲಿ 1874ರಲ್ಲಿ ಹೆಚ್ಚಿನ ಉಪಕೊಳವೆಗಳ ಏರ್ಪಾಟನ್ನು ರೂಪಿಸಿದನು. ಆದರೂ ಇನ್ನು ಕೆಲವು ಸ್ವರಗಳು ಕೊಂಚ ಏರಿಯೇ ಉಳಿಯುತ್ತವೆ.

ಅವನ್ನು ತಗ್ಗಿಸಲೆಂದೇ ಕೆಲವು ವಾದ್ಯಗಳಲ್ಲಿ ಟ್ರಿಗರ್ ಎಂಬ ಸನ್ನೆಯಿದೆ. ಇದು ನಾವು ವಿಜ್ಞಾನದಲ್ಲಿ ಓದುವ ಸನ್ನೆಗೋಲಿನ ಜಾತಿಯದೇ. ಎಡಗೈಯ ಹೆಬ್ಬೆರಳಿನಿಂದ ಒತ್ತಿದರೆ, ಲಾಳದ ಆಕಾರದ ಶ್ರುತಿಕೊಳವೆ ಹೊರಕ್ಕೆ ಜಾರುತ್ತದೆ. ಬಿಟ್ಟೊಡನೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಸೆಳೆಯುತ್ತದೆ. ಲಾಳಕ್ಕೆ ಎರಡು ಕಾಲುಗಳಿರುವುದರಿಂದ, ಅದು ಅರ್ಧ ಅಂಗುಲ ಜಾರಿದರೆ ಒಟ್ಟು ಉದ್ದವು ಒಂದು ಅಂಗುಲ ಬೆಳೆಯುತ್ತದೆ.

ಸನ್ನೆ ಬಿಗಿದೊಡನೆ ಸ್ಪ್ರಿಂಗನ್ನು ದೂರುವುದು ಸರಿಯಲ್ಲ. ಮೊದಲು ಸನ್ನೆಯನ್ನು ಬಿಡಿಸಿ, ಶ್ರುತಿಕೊಳವೆಯನ್ನು ಕೈಯಿಂದ ಜಾರಿಸಿ ನೋಡೋಣ. ಸರಾಗವಾಗಿ ಜಾರಿದರೆ ದೋಷವು ಸ್ಪ್ರಿಂಗಿನಲ್ಲೋ ಕೀಲಿನಲ್ಲೋ ಇದೆ. ಒಣಗಿದ ಕೀಲಿಗೆ ಒಂದು ತೊಟ್ಟು ಎಣ್ಣೆ ಸಾಕು. ಜಾರದಿದ್ದರೆ ದೋಷ ಕೊಳವೆಯದು. ಆಗ ಒಂದೊಂದೇ ಕಾಲನ್ನು ಅದರದರ ಹೊರಕೊಳವೆಯಲ್ಲಿ ತೂರಿಸಿ ಪರೀಕ್ಷಿಸಬೇಕು. ಒಂದು ಕಾಲು ಮಾತ್ರ ಬಿಗಿದರೆ ಅಲ್ಲಿ ಕೊಳೆಯೋ ನೆಗ್ಗೋ ಇರಬೇಕು. ಬೇರೆಬೇರೆಯಾಗಿ ಜಾರಿ, ಜೊತೆಯಾಗಿ ಬಿಗಿದರೆ ಕಾಲುಗಳು ಸಮಾಂತರವಾಗಿಲ್ಲವೆಂದೇ ತಿಳಿಯಬೇಕು.

ಹಿತ್ತಾಳೆಯಲ್ಲಿ ತಾಮ್ರವೂ ಸತುವೂ ಬೆರೆತಿರುವುದರಿಂದ, ಮುಂಬಯಿಯ ಕಡಲಗಾಳಿಯ ತೇವದಲ್ಲಿ ಅದಕ್ಕೆ ಕಿಲುಬು ಹಿಡಿಯುವುದು ಸಹಜ. ಉಗುರುಬೆಚ್ಚನೆಯ ನೀರು, ಮೃದುವಾದ ಸಾಬೂನುಗಳಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ತೆಳುವಾದ ಎಣ್ಣೆಯನ್ನು ಹಚ್ಚಬೇಕು. ಅಲುಗದೆ ನಿಲ್ಲಬೇಕಾದ ಕೊಳವೆಗಳಿಗೆ ಹಚ್ಚುವ ಗಟ್ಟಿ ಗ್ರೀಸು ಇಲ್ಲಿ ಸಲ್ಲದು. ಉಪ್ಪುಕಾಗದದಿಂದ ಉಜ್ಜಿದರೆ ಕೊಳವೆ ಸವೆದು ಗಾಳಿ ಸೋರುತ್ತದೆ. ನೆಗ್ಗನ್ನೂ ಓರೆಯನ್ನೂ ತಿದ್ದುವುದು ನುರಿತ ಕುಶಲಕರ್ಮಿಯ ಕೆಲಸ. ಬಲಪ್ರಯೋಗದಿಂದ ಬೆಸುಗೆಯೇ ಬಿಟ್ಟೀತು.

ಬಿಗಿದ ಸನ್ನೆಯೊಂದು ಒಬ್ಬ ವಾದಕನ ಕಷ್ಟವಾಗಿ ಮಾತ್ರ ಉಳಿಯುವುದಿಲ್ಲ. ಅವನ ಏರಿದ ಸ್ವರವು ಇಡೀ ವೃಂದದ ಮೇಳವನ್ನು ಕೆಡಿಸುತ್ತದೆ. ಆದುದರಿಂದ ಬ್ಯಾಂಡಿನಲ್ಲಿ ನುಡಿಸುವ ಗೆಳೆಯರು, ಅಭ್ಯಾಸ ಮುಗಿದೊಡನೆ ನೀರನ್ನು ಬಸಿದು, ಶ್ರುತಿಕೊಳವೆಯನ್ನು ಒರೆಸಿಟ್ಟ ಬಳಿಕವೇ ಪೆಟ್ಟಿಗೆಯನ್ನು ಮುಚ್ಚುವುದು ಒಳ್ಳೆಯದು.