ಸಂಕೋಚಕ್ಕೆ ತೆರುವ ದಂಡ

ಲಗ್ನಪತ್ರಿಕೆಗಾಗಿ ಸುಲ್ತಾನ್‌ಪೇಟೆಗೆ ಬರುವ ಗೃಹಿಣಿಯರು ಅಂಗಡಿಯಿಂದ ಅಂಗಡಿಗೆ ಅಲೆದು ಅರ್ಧ ದಿನ ಕಳೆಯುವುದುಂಟು. ಶೌಚಾಲಯ ದೊರೆಯದೆಂಬ ಅಂಜಿಕೆಯಿಂದ ಕೆಲವರು ನೀರನ್ನೇ ಮುಟ್ಟುವುದಿಲ್ಲ, ಮೂತ್ರವನ್ನೂ ತಡೆಯುತ್ತಾರೆ. ರೋಗಕ್ಕೆ ಇದೇ ಆಹ್ವಾನ.

ಸ್ತ್ರೀಯರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಕರುಳಿನ ಸೂಕ್ಷ್ಮಾಣುಗಳು ಆ ಕಿರುದಾರಿಯಲ್ಲಿ ಮೂತ್ರಕೋಶವನ್ನು ಸುಲಭವಾಗಿ ಸೇರುತ್ತವೆ. ಮೂತ್ರ ಹರಿದಾಗ ಕೊಚ್ಚಿಹೋಗುತ್ತವೆ, ತಡೆದರೆ ಬೆಳೆಯುತ್ತವೆ. ಪದೇ ಪದೇ ಸೋಂಕಿಗೀಡಾಗುತ್ತಿದ್ದ, ನೀರು ಕಡಮೆ ಕುಡಿಯುವ 140 ಮಹಿಳೆಯರ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿದವರಲ್ಲಿ ಸೋಂಕು ಸುಮಾರು ಅರ್ಧಕ್ಕಿಳಿಯಿತು.

ಆದುದರಿಂದ ನೀರು ಧಾರಾಳವಾಗಿರಲಿ. ಮೂತ್ರವನ್ನು ತಡೆಯುವುದು ಬೇಡ. ಶೌಚದ ತರುವಾಯ ಮುಂದಿನಿಂದ ಹಿಂದಕ್ಕೆ ಶುಚಿಮಾಡಿಕೊಳ್ಳಬೇಕು. ಉರಿಮೂತ್ರದೊಡನೆ ಚಳಿಜ್ವರ, ಪಕ್ಕೆನೋವು ಕಂಡರೆ ಸೋಂಕು ಮೂತ್ರಪಿಂಡವನ್ನು ಮುಟ್ಟಿರಬಹುದು. ಆಗ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣುವುದೇ ಕ್ಷೇಮ.