ಅರ್ಥಜಾಲದ ನಿಯಮಭಾಷೆಗಳು: ಕೋಲಾರ ಚಿನ್ನದ ಗಣಿ ದಾಖಲೆಗಳ ನಿದರ್ಶನ

ಜಾಲಪುಟಗಳು ಹುಟ್ಟಿದ್ದು ಮನುಷ್ಯನು ಓದುವುದಕ್ಕಾಗಿ. ಅವುಗಳಲ್ಲಿರುವ ಸಂಗತಿಗಳನ್ನು ಯಂತ್ರವೂ ಅರ್ಥಾನುಸಾರವಾಗಿ ಬಳಸುವಂತಾಗಬೇಕೆಂಬ ಆಲೋಚನೆಯನ್ನು ಟಿಮ್ ಬರ್ನರ್ಸ್-ಲೀ ಮತ್ತು ಅವರ ಇಬ್ಬರು ಸಹಲೇಖಕರು 2001ರಲ್ಲಿ ವಿಶದಪಡಿಸಿದರು. ಇದೇ ಅರ್ಥಜಾಲ. ನಮ್ಮ ಪರವಾಗಿ ಅದರಲ್ಲಿ ಸಂಚರಿಸಿ ಸಂಗತಿಗಳನ್ನು ಕೂಡಿಸುವ ತಂತ್ರಾಂಶವನ್ನು ಪ್ರತಿನಿಧಿ ಎನ್ನುವೆವು. ಯಾವ ಸಂಗತಿಗಳಿಂದ ಯಾವ ತೀರ್ಮಾನಕ್ಕೆ ಬರಬಹುದೆಂದು ಪ್ರತಿನಿಧಿಗೆ ತಿಳಿಸುವುದು ನಿಯಮಭಾಷೆಯ ಕೆಲಸ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಕೋಲಾರದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಸಂಸ್ಥೆಯು ನಡೆಸಿತು. 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಆದಕಾರಣ ಒಬ್ಬನೇ ಕಾರ್ಮಿಕನ ಸೇವೆಯು ಹಲವು ಆಡಳಿತಗಳ ಕಡತಗಳಲ್ಲಿ ಹಂಚಿಹೋಗಿರಬಹುದು. ಸ್ಥಳನಾಮವೂ ಒಂದೇ ಆಗಿರುವುದಿಲ್ಲ. ಕಮಿಷನರ್ ಬೌರಿಂಗರ ಹೆಸರಿನ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಇದನ್ನು ಹೇಳಿಕೊಡದಿದ್ದರೆ ಪ್ರತಿನಿಧಿಯು ಇವೆರಡನ್ನೂ ಬೇರೆ ಊರುಗಳೆಂದೇ ಎಣಿಸೀತು.

ನಿಯಮಕ್ಕೆ ಪೂರ್ವಾಂಗ, ಉತ್ತರಾಂಗ ಎಂದು ಎರಡು ಭಾಗಗಳು. "ಒಬ್ಬನು ಒಂದು ಗಣಿಯಲ್ಲಿ ದುಡಿದಿದ್ದರೆ, ಆ ಗಣಿಯು ಕೋಲಾರ ಚಿನ್ನದ ಗಣಿಗಳಲ್ಲಿ ಒಂದಾಗಿದ್ದರೆ" ಎಂಬುದು ಪೂರ್ವಾಂಗ. "ಆತನು ಕೋಲಾರ ಚಿನ್ನದ ಗಣಿಯ ಕಾರ್ಮಿಕನು" ಎಂಬುದು ಉತ್ತರಾಂಗ. ಚಾಂಪಿಯನ್ ರೀಫ್ ಗಣಿಯ ಒಂದು ಹಾಜರಿ ದಾಖಲೆ ಸಿಕ್ಕಿದರೂ ತೀರ್ಮಾನವು ಸಿದ್ಧವಾಗುತ್ತದೆ. ಇಂತಹ ನಿಯಮಗಳಿಗಾಗಿ ಎಸ್‌ಡಬ್ಲ್ಯುಆರ್‌ಎಲ್ ಎಂಬ ಭಾಷೆಯು 2004ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ಮಿಗೆ ಸಲ್ಲಿಸಲ್ಪಟ್ಟಿತು. ಭಿನ್ನ ವ್ಯವಸ್ಥೆಗಳು ತಮ್ಮ ನಿಯಮಗಳನ್ನು ವಿನಿಮಯ ಮಾಡಿಕೊಳ್ಳಲೆಂದು ಆರ್‌ಐಎಫ್ ಎಂಬ ಸ್ವರೂಪವನ್ನು ಅದೇ ಸಂಸ್ಥೆಯು 2010ರಲ್ಲಿ ಶಿಫಾರಸು ಮಾಡಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ದಾಖಲೆಯೇ ದೊರೆಯದಿದ್ದರೆ? ಸಾಮಾನ್ಯ ದತ್ತಸಂಚಯವು, ಪಟ್ಟಿಯಲ್ಲಿಲ್ಲದವನು ದುಡಿಯಲಿಲ್ಲವೆಂದೇ ಉತ್ತರಿಸುತ್ತದೆ. ಎಸ್‌ಡಬ್ಲ್ಯುಆರ್‌ಎಲ್ ಹಾಗೆ ಹೇಳದು. ತಿಳಿಯದ್ದನ್ನು ತಿಳಿಯದೆಂದೇ ಉಳಿಸುತ್ತದೆ. ಆರ್‌ಐಎಫ್‌ನ ಕ್ರಿಯಾನಿಯಮಗಳ ಪ್ರಭೇದದಲ್ಲಾದರೋ ಪಟ್ಟಿಯಲ್ಲಿಲ್ಲವೆಂಬುದನ್ನೇ ಪೂರ್ವಾಂಗವಾಗಿ ಇಡಲು ಅವಕಾಶವುಂಟು.

ನಮ್ಮ ಮೀಮಾಂಸಕರು ಈ ಭೇದವನ್ನು ಬಹು ಹಿಂದೆಯೇ ಗುರುತಿಸಿದ್ದರು. ಭಾಟ್ಟಮತದಲ್ಲಿ ಅನುಪಲಬ್ಧಿಯು ಅಭಾವವನ್ನು ತಿಳಿಸುವ ಪ್ರಮಾಣ. ಆದರೆ ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಇಲ್ಲವೆನ್ನಬಹುದು, ಕತ್ತಲೆಯಲ್ಲಿ ಹಾಗೆನ್ನಲಾಗದು. ಹರಿದ ಹಾಜರಿಪುಸ್ತಕವು ಕತ್ತಲೆಯ ಕೋಣೆಗೆ ಸಮಾನ. ಅದರಲ್ಲಿ ಹೆಸರಿಲ್ಲವೆಂಬ ಕಾರಣದಿಂದ ಒಬ್ಬನ ದುಡಿಮೆಯನ್ನೇ ಅಲ್ಲಗಳೆಯುವುದು ನ್ಯಾಯವಲ್ಲ.

ಆದುದರಿಂದ ಯಾವ ಪಟ್ಟಿಯು ಸಂಪೂರ್ಣವೆಂಬುದನ್ನು ಮೊದಲು ಮನುಷ್ಯನೇ ಪರೀಕ್ಷಿಸಿ ಘೋಷಿಸಬೇಕು. ಆ ಪಟ್ಟಿಗೆ ಮಾತ್ರ ಅಭಾವನಿಯಮವು ಅನ್ವಯಿಸಬೇಕು. ನಿಯಮವನ್ನು ಪ್ರತ್ಯೇಕ ವಾಕ್ಯವಾಗಿ ಬರೆದಿಡುವುದರ ಪ್ರಯೋಜನವೂ ಇದೇ. ಓದಲು ಬರುವ ನಿಯಮವನ್ನು ಬಾಧಿತನಾದವನು ಪ್ರಶ್ನಿಸಬಲ್ಲನು.