ಮೊದಲ ಸಲ ನೊರೆ ಬಾರದೇಕೆ?

ನರಕ ಚತುರ್ದಶಿಯ ಬೆಳಗಿನ ಜಾವ ತಲೆತುಂಬ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿಗೆ ಹೋದವರಿಗೆಲ್ಲ ಇದು ಗೊತ್ತು. ಮೊದಲ ಸಲ ಹಾಕಿದ ಶಾಂಪೂ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಎಷ್ಟು ತಿಕ್ಕಿದರೂ ನೊರೆಯಿಲ್ಲ. ತೊಳೆದು ಅಷ್ಟೇ ಶಾಂಪೂ ಇನ್ನೊಮ್ಮೆ ಹಾಕಿದರೆ ತಲೆಯೆಲ್ಲ ನೊರೆ. ಮೊದಲನೆಯದು ದಂಡ, ಕೆಲಸ ಮಾಡಿದ್ದು ಎರಡನೆಯದು ಎಂದುಕೊಳ್ಳುತ್ತೇವೆ. ನಡೆದದ್ದು ಹೆಚ್ಚುಕಡಿಮೆ ಇದರ ತಿರುಗುಮುರುಗು.

ಎಣ್ಣೆ ಹಚ್ಚದಿದ್ದರೂ ಕೂದಲಿಗೆ ಜಿಡ್ಡು ತಪ್ಪಿದ್ದಲ್ಲ. ಬುಡದಲ್ಲಿರುವ ಗ್ರಂಥಿಗಳು ಅದನ್ನು ಸದಾ ಒಸರುತ್ತಿರುತ್ತವೆ. ಕೂದಲು ಒಣಗದಂತೆ ಕಾಯುವುದು ಈ ಜಿಡ್ಡೇ, ದೂಳು ಮತ್ತು ಹೊಟ್ಟು ಅಂಟಿ ಕೂರುವುದೂ ಇದಕ್ಕೇ. ಬರೀ ನೀರು ಹೊಯ್ದರೆ ಕೆಸುವಿನೆಲೆಯ ಮೇಲಿನ ಹನಿಯಂತೆ ಜಾರಿಹೋಗುತ್ತದೆ. ನೀರಿನ ಅಣುಗಳಿಗೆ ತಮ್ಮತಮ್ಮಲ್ಲೇ ಬಲವಾದ ಸೆಳೆತ. ನಡುವೆ ಎಣ್ಣೆಗೆ ಜಾಗ ಕೊಡವು.

ಶಾಂಪೂ ಬಾಟಲಿಯ ಬೆನ್ನ ಮೇಲಿನ ಸಣ್ಣಕ್ಷರ ಓದಿ. ನೀರಿನ ನಂತರ ಸಾಮಾನ್ಯವಾಗಿ ಸಿಗುವ ಹೆಸರು ಸೋಡಿಯಂ ಲಾರೆತ್ ಸಲ್ಫೇಟ್. ಅದರ ಅಣುವನ್ನು ಗೊದಮೊಟ್ಟೆಯ ಹಾಗೆ ಊಹಿಸಿಕೊಳ್ಳಬಹುದು. ಋಣ ವಿದ್ಯುದಂಶ ಹೊತ್ತ ತಲೆಗೆ ನೀರು ಪ್ರಿಯ. ಸುಮಾರು 12 ಇಂಗಾಲದ ಪರಮಾಣುಗಳ ಬಾಲಕ್ಕೆ ನೀರು ಆಗದು, ಎಣ್ಣೆಯಾದರೆ ಸರಿ. ಬಾಲಗಳು ಜಿಡ್ಡಿನೊಳಗೆ ನಾಟಿಕೊಳ್ಳುತ್ತವೆ, ತಲೆಗಳು ನೀರಿನ ಕಡೆ ಉಳಿಯುತ್ತವೆ. ಬೆರಳಾಡಿಸಿದಂತೆ ಜಿಡ್ಡಿನ ಪದರ ಸುರುಳಿಕೊಂಡು, ಹನಿಹನಿಯಾಗಿ ಕೂದಲನ್ನು ಬಿಟ್ಟೇಳುತ್ತದೆ. (ಶಾಂಪೂ ಎಂಬ ಮಾತು ಬಂದದ್ದೇ ಒತ್ತು, ಅಮುಕು ಎಂಬರ್ಥದ ಹಿಂದಿಯ ‘ಚಾಂಪೊ’ದಿಂದ.) ಹನಿಯ ಸುತ್ತಲೂ ಋಣ ವಿದ್ಯುದಂಶ, ಒದ್ದೆ ಕೂದಲಿನ ಮೈಯಲ್ಲೂ ಅದೇ. ಒಂದನ್ನೊಂದು ದೂಡುವುದರಿಂದ ಬಿಟ್ಟ ಜಿಡ್ಡು ಮರಳಿ ಅಂಟುವುದು ಕಷ್ಟ. ಇನ್ನು, ಜಿಡ್ಡು ಸಿಗದ ಅಣುಗಳು ಬಾಲಗಳನ್ನು ಒಳಗಿಟ್ಟು ಕೆಲವೇ ನ್ಯಾನೊಮೀಟರ್ ಅಗಲದ ಉಂಡೆ ಕಟ್ಟುತ್ತವೆ. ಅದೇ ಮೈಸೆಲ್. ಅದರ ಹೊಟ್ಟೆಯಲ್ಲೂ ಒಂದಿಷ್ಟು ಎಣ್ಣೆ ಹಿಡಿಯುತ್ತದೆ.

ನೊರೆಗುಳ್ಳೆಗೂ ಬೇಕಾದದ್ದು ಇದೇ ಅಣುಗಳು. ಗುಳ್ಳೆಯ ತೆಳು ನೀರಪೊರೆಯ ಎರಡೂ ಮೈಗೆ ಅವು ಸಾಲುಗಟ್ಟಿ ನಿಲ್ಲಬೇಕು. ತಲೆಯಲ್ಲಿ ಹರಳೆಣ್ಣೆ ಇರುವಾಗ ಅವಕ್ಕೆ ಪುರುಸೊತ್ತೆಲ್ಲಿ? ಮೇಲಾಗಿ ಎಣ್ಣೆಯ ಹನಿ ತಗುಲಿದರೆ ಪೊರೆಯೇ ಒಡೆಯುತ್ತದೆ. ಮೊದಲ ಸಲದ ಶಾಂಪೂ ದುಡಿದು ಹರಿದುಹೋಯಿತು; ಎರಡನೆಯ ಸಲದ್ದು ಕೆಲಸ ಕಡಿಮೆಯಿದ್ದ ಆಳುಗಳ ಆಟ. ಎಣ್ಣೆ ಹಚ್ಚದ ದಿನ ಮೊದಲೇ ನೊರೆ ಬಂದಿದ್ದರೆ, ಮತ್ತೊಮ್ಮೆ ಹಾಕುವುದು ನನ್ನ ಲೆಕ್ಕದಲ್ಲಿ ಮಾರುವವರಿಗಷ್ಟೇ ಲಾಭ.

ಸೀಗೆಕಾಯಿಯ ಸ್ಯಾಪೊನಿನ್‌ಗೂ ಇದೇ ಎರಡು ಬಗೆಯ ನಂಟು. ಅದರ ಸಕ್ಕರೆಯ ಭಾಗ ನೀರಿನತ್ತ, ಉಳಿದದ್ದು ಎಣ್ಣೆಯತ್ತ. ನೊರೆ ಮಾತ್ರ ಅಷ್ಟಕ್ಕಷ್ಟೆ. ಅದನ್ನು ಯಾರೂ ಕೊರತೆಯೆಂದು ಎಣಿಸಿರಲಿಲ್ಲ, ಜಿಡ್ಡು ಹೋಯಿತೇ ಎಂದು ಬೆರಳಲ್ಲೇ ನೋಡುತ್ತಿದ್ದರು. ಸೋಪಿನ ಕತೆ ಬೇರೆ. ಗಡಸಾದ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಕೂಡಿ ಕರಗದ ಬೂದು ಗಷ್ಟಾಗಿ ಕೂದಲಿಗೇ ಮೆತ್ತಿಕೊಳ್ಳುತ್ತವೆ. ಸೋಪಿನ ಕ್ಷಾರಕ್ಕೆ ಕೂದಲ ಹೊರಮೈಯ ಹುರುಪೆಗಳೂ ನಿಗುರಿ ಕೂದಲು ಸಿಕ್ಕುಗಟ್ಟುತ್ತದೆ. ಲಾರೆತ್ ಸಲ್ಫೇಟಿಗೆ ಗಡಸು ನೀರಿನ ಈ ಕಾಟ ಅಷ್ಟಿಲ್ಲ. 1930ರ ದಶಕದಲ್ಲಿ ಸೋಪಿಲ್ಲದ ಶಾಂಪೂಗಳು ಮಾರುಕಟ್ಟೆಗೆ ಬಂದು ಸೋಪನ್ನು ತಲೆಯಿಂದ ಇಳಿಸಿದ್ದಕ್ಕೆ ಇದೇ ದೊಡ್ಡ ಕಾರಣ.

ಜಿಡ್ಡು ಪೂರಾ ಹೋದ ಕೂದಲು ಒರಟಾಗುತ್ತದೆ. ಹಿಂದೆ ಅದಕ್ಕೆ ದಾಸವಾಳದೆಲೆಯ ಲೋಳೆಯಿತ್ತು. ಈಗ ಹಲವು ಶಾಂಪೂಗಳಲ್ಲಿ ಗೋರಿಕಾಯಿ ಬೀಜದ ಗೋಂದಿಗೆ ಧನ ವಿದ್ಯುದಂಶ ಕೂಡಿಸಿ ಬೆರೆಸಿರುತ್ತಾರೆ. ಬಾಟಲಿಯಲ್ಲಿ ಸಾಂದ್ರವಾದ ಲಾರೆತ್ ಸಲ್ಫೇಟಿನ ನಡುವೆ ಅದು ಕರಗಿಕೊಂಡೇ ಇರುತ್ತದೆ. ತಲೆಯ ಮೇಲೆ ಚೊಂಬು ಚೊಂಬು ನೀರು ಬಿದ್ದು ಶಾಂಪೂ ತೆಳುವಾದಾಗ ಬೇರ್ಪಟ್ಟು, ಎಲ್ಲವೂ ಹರಿದುಹೋಗುತ್ತಿರುವ ಹೊತ್ತಿಗೆ ತಾನು ಕೂದಲ ಮೇಲೆ ಕೂರುತ್ತದೆ.